ಕೀಲಿ ಕೊಟ್ಟರೆ ನುಡಿಯುವ ವಸ್ತುಗಳು

ಮುತ್ತಿನಕೊಪ್ಪದ ಸುತ್ತಮುತ್ತಲಿನ ಕೆಲವು ಹಳೆಯ ಮನೆಗಳಲ್ಲಿ ಕೀಲಿ ಕೊಡುವ ಗೋಡೆ ಗಡಿಯಾರಗಳಿವೆ. ಅವನ್ನು ಸಮಯ ನೋಡುವ ವಸ್ತು ಎಂದಷ್ಟೇ ನಾವು ತಿಳಿದಿದ್ದೇವೆ. ಆದರೆ ಅದು ಕರೆಂಟು, ಸೆಲ್ ಯಾವುದೂ ಇಲ್ಲದೆ ತಾನೇ ನುಡಿಯುವ ವಾದ್ಯವೂ ಹೌದು.

ಅದರ ಮುಖದಲ್ಲಿ ಸಾಮಾನ್ಯವಾಗಿ ಎರಡು ಕೀಲಿ ತೂತುಗಳಿರುತ್ತವೆ. ಒಂದು ಮುಳ್ಳುಗಳನ್ನು ನಡೆಸುವ ಸ್ಪ್ರಿಂಗಿಗೆ, ಇನ್ನೊಂದು ಗಂಟೆ ಬಾರಿಸುವ ಸ್ಪ್ರಿಂಗಿಗೆ. ಗಂಟೆ ತುಂಬಿದಾಗ ಪುಟ್ಟ ಸುತ್ತಿಗೆಯೊಂದು ಸುರುಳಿ ಸುತ್ತಿದ ಉಕ್ಕಿನ ತಂತಿಗೆ ಬಡಿಯುತ್ತದೆ. ಎಷ್ಟು ಹೊಡೆತ ಎಂಬ ಲೆಕ್ಕವನ್ನು ಹಲವು ಗಡಿಯಾರಗಳಲ್ಲಿ ಕಚ್ಚುಗಳಿರುವ ಒಂದು ಚಕ್ರ ಇಡುತ್ತದೆ. ಹೊಡೆತಗಳು ಅವಸರದಲ್ಲಿ ಬೀಳದಂತೆ ಗಿರ್ರನೆ ತಿರುಗುವ ಚಿಕ್ಕ ರೆಕ್ಕೆಯೊಂದು ತಡೆಯುತ್ತದೆ. ಕಾಮರ್ಸ್ ವಿದ್ಯಾರ್ಥಿಯಾದ ನಾನು ಕೂಡಿಸಿ ನೋಡಿದೆ: 12 ಗಂಟೆಗಳಲ್ಲಿ 78 ಹೊಡೆತ. ಅರ್ಧ ಗಂಟೆಗೊಂದು ಸೇರಿಸಿದರೆ 90.

ಮುಚ್ಚಳ ತೆರೆದರೆ ಹಾಡುವ ಆಭರಣದ ಪೆಟ್ಟಿಗೆಯೂ ಇದೇ ಜಾತಿಯದು. ಅದರೊಳಗೆ ಮುಳ್ಳುಗಳಿರುವ ಉರುಳೆ ತಿರುಗುತ್ತದೆ. ಮುಳ್ಳುಗಳು ಉಕ್ಕಿನ ಬಾಚಣಿಗೆಯ ಹಲ್ಲುಗಳನ್ನು ಮೀಟುತ್ತವೆ. ಉದ್ದ ಹಲ್ಲಿಗೆ ತಗ್ಗಿನ ಸ್ವರ, ಗಿಡ್ಡ ಹಲ್ಲಿಗೆ ಏರು ಸ್ವರ. ಉಕ್ಕಿನ ಹಲ್ಲು ಮೀಟುವ ಈ ವಿಧಾನವನ್ನು 1796ರಲ್ಲಿ ಜಿನೀವಾದ ಗಡಿಯಾರ ತಯಾರಕ ಆಂಟ್ವಾನ್ ಫಾವ್ರ್ ತೋರಿಸಿದರು. ಮುಳ್ಳಿನ ಉರುಳೆ ಅದಕ್ಕಿಂತ ಬಹಳ ಹಳೆಯದು. 9ನೇ ಶತಮಾನದಲ್ಲೇ ಬಾಗ್ದಾದಿನ ಬನೂ ಮೂಸಾ ಸಹೋದರರು ನೀರಿನ ಬಲದಿಂದ ತಾನಾಗಿ ನುಡಿಯುವ ವಾದ್ಯದಲ್ಲಿ ಅದನ್ನು ವಿವರಿಸಿದ್ದರು.

ನಮ್ಮ ನಾಡಿನ ಹೆಸರಾಂತ ಉದಾಹರಣೆ ಟಿಪ್ಪು ಸುಲ್ತಾನರ ಮರದ ಹುಲಿ. ಹಿಡಿಕೆ ತಿರುಗಿಸಿದರೆ ಒಳಗಿನ ತಿದಿಗಳು ಗಾಳಿಯೂದಿ ಹುಲಿ ಗುರುಗುಟ್ಟುತ್ತದೆ, ಅದರಡಿ ಬಿದ್ದ ಸೈನಿಕ ನರಳುತ್ತಾನೆ. ಹುಲಿಯ ಪಕ್ಕೆಯ ಬಾಗಿಲು ತೆರೆದರೆ ಬೆರಳಿನಿಂದ ನುಡಿಸುವ ಪುಟ್ಟ ಆರ್ಗನ್ ಇದೆ. 1799ರಲ್ಲಿ ಶ್ರೀರಂಗಪಟ್ಟಣ ಬಿದ್ದ ಮೇಲೆ ಬ್ರಿಟಿಷರು ಅದನ್ನು ಒಯ್ದರು. ಈಗ ಅದು ಲಂಡನ್ನಿನ ವಿಕ್ಟೋರಿಯಾ ಆ್ಯಂಡ್ ಆಲ್ಬರ್ಟ್ ಮ್ಯೂಸಿಯಂನಲ್ಲಿದೆ.

ಆ ಹುಲಿ ನಮ್ಮ ಕೈಗೆ ಸಿಗುವುದಿಲ್ಲ. ಗಡಿಯಾರ ಸಿಗುತ್ತದೆ. ನಮ್ಮ ದಾದಾ ಕಾಲದ ಗಡಿಯಾರ ನಿಂತುಹೋದಾಗ ಗುಜರಿಯವರು ಅದನ್ನು ತೂಕಕ್ಕೆ ಕೇಳಿದರು. ದಾದಿ ಒಪ್ಪಲಿಲ್ಲ, ರಮಜಾನಿನಲ್ಲಿ ಸಹರಿಗೆ ಎಬ್ಬಿಸುತ್ತಿದ್ದುದು ಅದೇ ಎಂದರು. ರಿಪೇರಿಯವರು ಒಳಗಿನ ಧೂಳು, ಗಟ್ಟಿಯಾದ ಎಣ್ಣೆ ತೆಗೆದರು. ಈಗ ಅದು ನಡೆಯುತ್ತಿದೆ.

ಆದ್ದರಿಂದ ಗೆಳೆಯರೇ, ಮನೆಯಲ್ಲಿ ಇಂಥದ್ದಿದ್ದರೆ ಗುಜರಿಗೆ ಕೊಡುವ ಮೊದಲು ಗಡಿಯಾರ ರಿಪೇರಿ ಬಲ್ಲವರಿಗೆ ತೋರಿಸಿ. ನೀವೇ ಬಿಚ್ಚಬೇಡಿ, ಬಿಗಿದ ಸ್ಪ್ರಿಂಗ್ ಸಿಡಿದರೆ ಕೈಗೆ ಪೆಟ್ಟಾಗುತ್ತದೆ. ಈ ಕೆಲಸ ಬಲ್ಲವರು ಕಡಿಮೆಯಾಗುತ್ತಿದ್ದಾರೆ. ಅವರು ಇರುವಾಗಲೇ ತೋರಿಸುವುದು ಒಳ್ಳೆಯದು.