ರಕ್ತ ತೆಳುವಾಗಿರಲಿ, ಆದರೆ ಎಷ್ಟು?

ಹಾರೂಗೇರಿಯ ಒಂದು ಮನೆಯಲ್ಲಿ ಕಂಡ ನೋಟ್‌ಬುಕ್ ನನ್ನ ತಲೆಯಿಂದ ಇನ್ನೂ ಇಳಿದಿಲ್ಲ. ಆ ಮನೆಯ ಹಿರಿಯಾಕೆಯ ಹೃದಯಕ್ಕೆ ಲೋಹದ ಕವಾಟ ಹಾಕಿದ್ದಾರೆ. ಸೊಸೆ ಸ್ಕೇಲು ಹಿಡಿದು ಗೆರೆ ಎಳೆದಿದ್ದಾಳೆ: ತಾರೀಖು, ಐಎನ್‌ಆರ್, ಅಸಿಟ್ರಾಮ್ ಎಷ್ಟು, ಬೇರೆ ಏನಾದರೂ. ಐಎನ್‌ಆರ್ ಅಂದರೆ ರಕ್ತ ಹೆಪ್ಪುಗಟ್ಟಲು ಎಷ್ಟು ಹೊತ್ತು ಹಿಡಿಯುತ್ತದೆ ಎಂಬುದರ ಅಳತೆ; ಅಸಿಟ್ರಾಮ್ ರಕ್ತ ತೆಳು ಮಾಡುವ ಗುಳಿಗೆ. ಸೋಮವಾರ, ಬುಧವಾರ, ಶುಕ್ರವಾರ 3 ಮಿ.ಗ್ರಾಂ, ಉಳಿದ ದಿನ 2. ಒಮ್ಮೆ ಐಎನ್‌ಆರ್ 2.8ರಿಂದ 4.6ಕ್ಕೆ ಜಿಗಿದಿದೆ. ಅದೇ ಸಾಲಿನ ಕೊನೆಗೆ ಭೇದಿಗೆ ಕೊಟ್ಟ ಮೆಟ್ರೊನಿಡಜೋಲ್ ಗುಳಿಗೆಯ ಹೆಸರು. ವೈದ್ಯರು ಕೆದಕಿ ಕೇಳಬೇಕಾದ ಕಾರಣ ಅಲ್ಲೇ ಇದೆ.

"ಮೆಂತೆಪಲ್ಲೆ ಬಿಟ್ಟೀರೇನು?" ಅಂತ ಕೇಳಿದೆ.

"ಯಾಕ ಬಿಡ್ಲಿರೀ? ವಾರಕ್ಕ ಇಷ್ಟ ಅಂತ ಅಳತಿ ಮಾಡೇನಿ. ಒಂದ ವಾರ ಭಾಳ ತಿಂದು, ಇನ್ನೊಂದ ವಾರ ಬಿಟ್ರ ಲೆಕ್ಕ ತಪ್ಪತೈತಿ."

ಪಥ್ಯದ ತಿರುಳೇ ಇದು. ಸೊಪ್ಪಿನಲ್ಲಿರುವ ವಿಟಮಿನ್ ಕೆ ಅಸಿಟ್ರಾಮ್‌ಗೆ ಎದುರಾಳಿ.

ಈ ಔಷಧ ವರ್ಗ ನಮಗೆ ಸಿಕ್ಕಿದ್ದು ದನದ ಕೊಟ್ಟಿಗೆಯಿಂದ. 1920ರ ದಶಕದಲ್ಲಿ ಉತ್ತರ ಅಮೆರಿಕದಲ್ಲಿ ಬೂಷ್ಟು ಹಿಡಿದ ಸ್ವೀಟ್ ಕ್ಲೋವರ್ ಮೇವು ತಿಂದ ದನಗಳು ಕೊಂಬು ಕತ್ತರಿಸಿದರೂ ರಕ್ತ ನಿಲ್ಲದೆ ಸಾಯುತ್ತಿದ್ದವು. 1933ರ ಫೆಬ್ರವರಿಯಲ್ಲಿ ವಿಸ್ಕಾನ್ಸಿನ್‌ನ ರೈತನೊಬ್ಬ ಸುರಿಯುವ ಹಿಮದಲ್ಲಿ ಸತ್ತ ಕಡಸು, ಹೆಪ್ಪುಗಟ್ಟದ ರಕ್ತ ತುಂಬಿದ ಹಾಲಿನ ಕ್ಯಾನು, ಒಂದಷ್ಟು ಮೇವು ಹೇರಿಕೊಂಡು ರಸಾಯನ ವಿಜ್ಞಾನಿ ಕಾರ್ಲ್ ಲಿಂಕ್ ಬಳಿಗೆ ಹೋದ. ಮೇವಿನೊಳಗಿನ ವಸ್ತುವನ್ನು ಬೇರ್ಪಡಿಸುವ ಹೊತ್ತಿಗೆ 1939 ಬಂದಿತ್ತು. ಅದರ ಸಂಬಂಧಿ ವಾರ್ಫರಿನ್ 1948ರಲ್ಲಿ ಇಲಿಪಾಷಾಣವಾಯಿತು, 1954ರಲ್ಲಿ ಮನುಷ್ಯರ ಔಷಧವಾಯಿತು. ಅಸಿಟ್ರಾಮ್ ಅದೇ ಬಳಗದ್ದು. ಆ ರೈತನಿಗೆ ನಾನಂತೂ ಕೈಮುಗಿಯುತ್ತೇನೆ.

ಸೋತ ಹೃದಯಕ್ಕೆ ನೆರವಾಗಿ ರಕ್ತ ತಳ್ಳುವ ಪಂಪನ್ನು ಎದೆಯೊಳಗೆ ಕೂರಿಸಿಕೊಂಡವರಿಗೆ ಈ ಐಎನ್‌ಆರ್ ಲೆಕ್ಕ ಇನ್ನೂ ಬಿಗಿ. ಬೆಂಗಳೂರಿನ ನಾರಾಯಣ ಹೃದಯಾಲಯ 2008ರಲ್ಲೇ ಅಂಥ ಪಂಪ್ ಅಳವಡಿಸಿತ್ತು. ಲೋಹಕ್ಕೆ ತಾಗಿದ ರಕ್ತ ಹೆಪ್ಪುಗಟ್ಟಲು ನೋಡುತ್ತದೆ. ಅತ್ತ ತಿರುಗುವ ಪಂಪ್ ರಕ್ತ ನಿಲ್ಲಿಸುವ ಒಂದು ಪ್ರೋಟೀನನ್ನು ಸವೆಸುವುದರಿಂದ ಕರುಳಿನಲ್ಲಿ ರಕ್ತ ಸೋರುವ ಭಯ. ಹಾಗಾಗಿ ಐಎನ್‌ಆರ್ ಸಾಮಾನ್ಯವಾಗಿ 2ರಿಂದ 3ರೊಳಗೆ ಇರಬೇಕು. ಹಾರ್ಟ್‌ಮೇಟ್ 3 ಪಂಪ್ ಇದ್ದವರಿಗೆ ಈ ಗುಳಿಗೆಯ ಜೊತೆ ಕೊಡುವ ಆಸ್ಪಿರಿನ್ ಕೈಬಿಟ್ಟರೆ ಹೆಪ್ಪಿನ ತೊಂದರೆ ಹೆಚ್ಚದೆ ರಕ್ತಸ್ರಾವ ಇಳಿಯುತ್ತದೆಂದು 2023ರ ಏರೀಸ್ ಅಧ್ಯಯನ ತೋರಿಸಿತು. ಅದು ಆ ಪಂಪಿನ ಮಾತು. ಕವಾಟದವರು ತಾವಾಗಿಯೇ ಯಾವ ಗುಳಿಗೆಯನ್ನೂ ಬಿಡಬಾರದು.

ಪಂಪ್ ಬಂತು, ಹೊಸ ಕವಾಟ ಬಂತು ಅಂದಾಗ ಪತ್ರಿಕೆಗಳು ಶಸ್ತ್ರಚಿಕಿತ್ಸೆಯ ಫೋಟೊ ಹಾಕುತ್ತವೆ. ಜೀವ ಉಳಿಯುವುದು ಮಾತ್ರ ಆಮೇಲಿನ ವರ್ಷಗಳ ತಪಾಸಣೆಯಲ್ಲಿ. ಮೊಣಕಾಲು ನೋವಿಗೆ ಅಂಗಡಿಯಿಂದ ತಂದ ಎರಡು ಗುಳಿಗೆ ರಕ್ತಸ್ರಾವ ತಂದು ಇಡೀ ಆಪರೇಷನ್ನನ್ನೇ ಹಾಳುಮಾಡಬಲ್ಲವು. ಬೆರಳ ತುದಿಯ ಒಂದು ಹನಿ ರಕ್ತದಿಂದ ನಿಮಿಷಗಳಲ್ಲಿ ಐಎನ್‌ಆರ್ ಹೇಳುವ ಯಂತ್ರ ಈಗ ಇದೆ. ಅದು ಪ್ರತಿ ತಾಲೂಕು ಆಸ್ಪತ್ರೆಯಲ್ಲಿ ಇರಲಿ. ಔಷಧದಂಗಡಿಯವರು ನೋವಿನ ಗುಳಿಗೆ ಕೊಡುವ ಮುನ್ನ "ರಕ್ತ ತೆಳು ಮಾಡೋ ಗುಳಿಗಿ ತಗೋತೀರೇನ್ರೀ?" ಎಂದು ಕೇಳಲಿ. ಇದಕ್ಕೆ ಕೋಟಿಗಟ್ಟಲೆ ಹಣ ಬೇಡ, ಕಾಳಜಿ ಬೇಕು.