ಗದ್ದೆ ಊರಿನಲ್ಲಿ, ಹಣ ಮುಂಬಯಿಯಲ್ಲಿ

ಹಳೆಯ ಬೇಸಾಯ ಲೇಸೋ, ಹೊಸ ಬೇಸಾಯ ಲೇಸೋ ಎಂಬ ವಾದವು ದಕ್ಷಿಣ ಕನ್ನಡ ಮತ್ತು ಉಡುಪಿ ಜಿಲ್ಲೆಗಳ ಒಕ್ಕಲು ಮನೆಗಳಲ್ಲಿ ಎಪ್ಪತ್ತು ವರ್ಷಗಳಿಂದ ನಡೆದುಬಂದಿದೆ. ವಾದದ ಒಂದು ಪಕ್ಷವು ಊರಿನ ಚಾವಡಿಯಲ್ಲಿ ಕುಳಿತಿದ್ದರೆ, ಇನ್ನೊಂದು ಪಕ್ಷವು ಬಹುಕಾಲದಿಂದ ಮಾಟುಂಗ, ದಾದರು, ಕುರ್ಲಾಗಳಲ್ಲಿ ನೆಲಸಿದೆ. ಊರಿನವರು ಹಿಂದಿನಿಂದ ಬಂದುದನ್ನು ಬಿಡಲಾರೆವೆಂದರು. ಮುಂಬಯಿಯವರು ಕಾಲಕ್ಕೆ ತಕ್ಕಂತೆ ನಡೆಯಿರೆಂದು ಬರೆದರು. ಇಂದು ಅನೇಕ ಮನೆಗಳಲ್ಲಿ ಎರಡು ಪಕ್ಷಗಳೂ ಉಳಿದಿವೆ. ಗದ್ದೆ ಮಾತ್ರ ಹಡಿಲು ಬಿದ್ದಿದೆ. ಸ್ವಂತ ಭೂಮಿಯುಳ್ಳವರೂ ಮಾಟುಂಗದ ಅಂಗಡಿಯಲ್ಲಿ ಕುಚ್ಚಲಕ್ಕಿಯನ್ನು ಕ್ರಯಕ್ಕೆ ಕೊಳ್ಳುತ್ತಿದ್ದಾರೆ. ಆದುದರಿಂದ ಈ ವಾದದ ಕಥೆಯನ್ನು ಒಮ್ಮೆ ಮೊದಲಿನಿಂದ ನೋಡುವುದು ಅಗತ್ಯವಾಗಿದೆ.

ಮನಿಯಾರ್ಡರಿನ ಮಾತು

ಕರಾವಳಿಯ ಮಕ್ಕಳು ಈ ನಗರಕ್ಕೆ ಬಂದುದು ಹೆಚ್ಚಾಗಿ ಹೋಟೆಲಿನ ದಾರಿಯಿಂದ. ಎ. ರಾಮ ನಾಯಕರು ಮಾಟುಂಗದಲ್ಲಿ ಉಡುಪಿ ಶ್ರೀಕೃಷ್ಣ ಬೋರ್ಡಿಂಗನ್ನು ತೆರೆದುದು 1942ರಲ್ಲಿ. ಇಂತಹ ಊಟದ ಮನೆಗಳಲ್ಲಿ ಎಲೆ ತೆಗೆಯುವ ಕೆಲಸದಿಂದ ಆರಂಭಿಸಿ, ಕನ್ನಡ ರಾತ್ರಿಶಾಲೆಗಳಲ್ಲಿ ಓದಿ, ಸ್ವಂತ ಹೋಟೆಲಿನ ಗಲ್ಲಾಪೆಟ್ಟಿಗೆಯ ಮುಂದೆ ಕುಳಿತವರು ಎಷ್ಟೋ ಮಂದಿ. ಅವರು ಕಳುಹಿಸಿದ ಮನಿಯಾರ್ಡರಿನಿಂದ ಊರಿನ ಗೇಣಿ ಸಂದಿತು, ತಂಗಿಯರ ಮದುವೆ ನಡೆಯಿತು, ಮಾಡಿಗೆ ಹಂಚು ಬಂದಿತು. ಹಣ ಕಳುಹಿಸಿದವನಿಗೆ ಗದ್ದೆಯ ವಿಷಯದಲ್ಲಿಯೂ ಒಂದು ಮಾತು ಹೇಳುವ ಹಕ್ಕು ಬಂದಂತಾಯಿತು. ಆದರೆ ಅಳಿಯಸಂತಾನದ ಮನೆಗಳಲ್ಲಿ ಯಜಮಾನಿಕೆ ಸೋದರಮಾವನದು. ಮಾವನಿಗೆ ಎದುರು ನುಡಿಯುವ ವಾಡಿಕೆಯಿರಲಿಲ್ಲ. "ಮಾವನವರು ಒಂದು ಗದ್ದೆಯಲ್ಲಾದರೂ ಪರೀಕ್ಷಿಸಿ ನೋಡಬೇಕಾಗಿ ವಿನಂತಿ" ಎಂದು ಕಾಗದದ ಕೊನೆಯಲ್ಲಿ ಸೇರಿಸುವುದಷ್ಟೇ ಅಳಿಯನಿಗೆ ಸಾಧ್ಯವಿದ್ದಿತು.

ಹಿರಿಯರ ಹಟ ಮತ್ತು ಲೆಕ್ಕ

1953ರಲ್ಲಿ ಸರಕಾರವು ಜಪಾನಿ ಭತ್ತದ ಬೇಸಾಯವನ್ನು ದೇಶದಾದ್ಯಂತ ಪ್ರಚಾರಕ್ಕೆ ತಂದಿತು. ಎತ್ತರಿಸಿದ ಪಾತಿಯಲ್ಲಿ ಕಡಿಮೆ ಬೀಜದಿಂದ ನೇಜಿ ಬೆಳೆಸುವುದು, ಹಗ್ಗ ಹಿಡಿದು ಸಾಲಾಗಿ ನೆಡುವುದು, ಸಾಲುಗಳ ನಡುವೆ ಕೈಯಂತ್ರದಿಂದ ಕಳೆ ತೆಗೆಯುವುದು, ರಾಸಾಯನಿಕ ಗೊಬ್ಬರ ಹಾಕುವುದು, ಇವು ಅದರ ಮುಖ್ಯ ಅಂಗಗಳು. ನಗರದಲ್ಲಿ ಪತ್ರಿಕೆ ಓದಿದ ತರುಣರಿಗೆ ಇದು ಮೆಚ್ಚಿಕೆಯಾಯಿತು. ಹಿರಿಯರು ಒಪ್ಪಲಿಲ್ಲ. ಅವರನ್ನು ಹಟಮಾರಿಗಳೆಂದು ಕರೆಯುವುದು ಸುಲಭ. ಆದರೆ ಅವರ ಆಕ್ಷೇಪಗಳನ್ನು ಒಂದೊಂದಾಗಿ ನೋಡಿದರೆ ಅವುಗಳಲ್ಲಿ ಲೆಕ್ಕವೂ ಇದ್ದುದು ತಿಳಿಯುತ್ತದೆ.

ನಮ್ಮ ಸೀಮೆಯಲ್ಲಿ ವರ್ಷಕ್ಕೆ ಸುಮಾರು 4,000 ಮಿಲಿಮೀಟರ್ ಮಳೆ ಸುರಿಯುತ್ತದೆ. ಭೂಮಿಯಾದರೂ ಒಂದೇ ಬಗೆಯದಲ್ಲ. ನೀರು ನಿಲ್ಲುವ ಬೈಲು, ನಡುವಣ ಮಜಲು, ಮಳೆಯನ್ನೇ ನಂಬಿದ ಬೆಟ್ಟು ಎಂದು ಮೂರು ತರ. ಒಂದು ಗದ್ದೆಯ ನೀರು ಇನ್ನೊಂದಕ್ಕೆ ಇಳಿಯುವ ಬೈಲಿನಲ್ಲಿ, ಆಟಿ ತಿಂಗಳ ಮಳೆಗೆ ದುಡ್ಡು ಕೊಟ್ಟು ತಂದ ಗೊಬ್ಬರವು ನೆರೆಯವನ ಗದ್ದೆಗೆ ಹರಿದುಹೋಗುವ ಭಯವಿದ್ದಿತು. ಕುಮ್ಕಿ ಭೂಮಿಯಿಂದ ಸೊಪ್ಪು ತಂದು, ಹಟ್ಟಿಯಲ್ಲಿ ಹಾಸಿ, ಕೊಳೆಯಿಸಿ ಮಾಡಿದ ಗೊಬ್ಬರಕ್ಕೆ ಮೈಮುರಿದು ದುಡಿಯಬೇಕಾಗಿತ್ತೇ ಹೊರತು ಹಣ ತೆರಬೇಕಾಗಿರಲಿಲ್ಲ. ಎಲ್ಲಕ್ಕಿಂತ ಮಿಗಿಲಾದುದು ಗೇಣಿಯ ಪ್ರಶ್ನೆ. ಚಾಲಗೇಣಿಯ ಒಕ್ಕಲಿಗೆ ಭೂಮಿಯ ಮೇಲೆ ಸ್ಥಿರವಾದ ಹಕ್ಕಿರಲಿಲ್ಲ. ಬೆಳೆ ಕೆಟ್ಟರೂ ಗೇಣಿ ಅಳೆಯಬೇಕು. ಬೆಳೆ ಹೆಚ್ಚಿದರೆ ಧಣಿಗಳು ಗೇಣಿ ಏರಿಸಬಹುದು. ನಷ್ಟವು ತನ್ನದು, ಲಾಭವು ಪರರದು ಎಂದಾಗ ಹೊಸ ಪ್ರಯೋಗಕ್ಕೆ ಯಾವನು ಕೈಹಾಕಿಯಾನು?

ಗಿಡ್ಡ ತಳಿಯೂ ಕೆಂಪಕ್ಕಿಯೂ

1966ರಲ್ಲಿ ಫಿಲಿಪ್ಪೀನ್ಸಿನ ಅಂತರರಾಷ್ಟ್ರೀಯ ಭತ್ತ ಸಂಶೋಧನಾ ಸಂಸ್ಥೆಯ ಐ.ಆರ್. 8 ಎಂಬ ಗಿಡ್ಡ ತಳಿಯೂ, 1968ರಲ್ಲಿ ಭಾರತದ್ದೇ ಆದ ಜಯ ತಳಿಯೂ ಬಂದವು. ಗೊಬ್ಬರ ಹಾಕಿದರೆ ಮಲಗದೆ ನಿಂತು ತೆನೆ ಕೊಡುವುದು ಇವುಗಳ ಗುಣ. ದೇಶದ ಹಸಿವನ್ನು ನೀಗಿಸುವುದರಲ್ಲಿ ಇಂತಹ ತಳಿಗಳ ಪಾಲು ದೊಡ್ಡದು. ಆದರೆ ಕರಾವಳಿಯ ಮನೆಯಲ್ಲಿ ಕೇಳಿದ ಪ್ರಶ್ನೆಗಳು ಬೇರೆ. ಗಿಡ್ಡ ಪೈರಿನಿಂದ ಹಸುಗಳಿಗೆ ಬೈಹುಲ್ಲು ಸಾಕಾದೀತೆ? ಅಕ್ಕಿಮುಡಿ ಕಟ್ಟಲು ಉದ್ದ ಹುಲ್ಲು ಎಲ್ಲಿಂದ ತರುವುದು? ನೆರೆ ನಿಂತಾಗ ಗಿಡ್ಡ ಪೈರು ಮುಳುಗದೆ? ಬಿಳಿಯಕ್ಕಿಯ ಗಂಜಿಯನ್ನು ಯಾರು ಉಣ್ಣುವರು?

ಈ ಪ್ರಶ್ನೆಗಳಿಗೆ ಉತ್ತರ ದೊರೆತೊಡನೆ ಹಟವೂ ಸಡಿಲಿತು. ಕೇರಳದ ಕುಟ್ಟನಾಡಿನ ಮೊಂಕೊಂಬು ಸಂಶೋಧನಾ ಕೇಂದ್ರದಿಂದ ಬಂದ ಎಂ.ಒ. 4 ತಳಿಯು ಹೊಸದಾದರೂ ಕೆಂಪಕ್ಕಿಯದು, ಕುಚ್ಚಲಿಗೆ ಒಗ್ಗುವಂತಹದು. ಒಲ್ಲೆನೆಂದ ರೈತರೇ ಅದನ್ನು ಬೀಜಕ್ಕೆ ಕೇಳಿ ಪಡೆದರು. ಈಗ ಅದರ ಬದಲು ಬೇರೆ ಬಿತ್ತನೆ ಹಾಕಿರೆಂದರೆ "ನಮ್ಮ ಎಂ.ಒ. 4 ಬಿಡಲಾರೆವು" ಎನ್ನುವವರಿದ್ದಾರೆ. ಅಂದಿನ ಹೊಸತು ಇಂದಿನ ಸಂಪ್ರದಾಯವಾಗಿದೆ.

ಒಡೆತನ ಬಂದ ಮೇಲೆ

1974ರ ಮಾರ್ಚ್ 1ರಿಂದ ಜಾರಿಗೆ ಬಂದ ಭೂಸುಧಾರಣೆಯ ತಿದ್ದುಪಡಿಯಿಂದ ಗೇಣಿಯ ಭೂಮಿಗಳು ಸರಕಾರಕ್ಕೆ ಸೇರಿ, ಉಳುವವನಿಗೆ ಒಡೆತನ ದೊರಕುವ ದಾರಿ ತೆರೆಯಿತು. ಮುಂಬಯಿಯ ಹೋಟೆಲುಗಳಲ್ಲಿ ದುಡಿಯುತ್ತಿದ್ದ ಎಷ್ಟೋ ಗೇಣಿದಾರರ ಮಕ್ಕಳು ಭೂಮಿಯ ವಾರಸುದಾರರಾದರು. ಗೇಣಿಗೆ ಕೊಟ್ಟು ಇಲ್ಲಿಗೆ ಬಂದಿದ್ದ ಕೆಲವು ಮನೆತನಗಳು ಭೂಮಿಯನ್ನು ಕಳೆದುಕೊಂಡವು. ಲಾಭವು ತನಗೇ ಸೇರುವ ಕಾಲ ಬಂದಾಗಲಾದರೂ ಬೇಸಾಯ ಬೆಳೆಯಬೇಕಾಗಿತ್ತು. ಆದರೆ ಅಷ್ಟರಲ್ಲಿ ದುಡಿಯುವ ಕೈಗಳು ನಗರದ ದಾರಿ ಹಿಡಿದಿದ್ದವು. ಪಾಲಾದ ಗದ್ದೆಗಳು ಕಿರಿದಾದವು, ಕೂಲಿ ಏರಿತು. ಕೋಣಗಳಿದ್ದ ಹಟ್ಟಿಗಳು ಬರಿದಾದವು. ಏಣೆಲು, ಸುಗ್ಗಿ, ಕೊಳಕೆ ಎಂದು ಮೂರು ಬೆಳೆ ತೆಗೆದ ಬೈಲಿನಲ್ಲಿಯೂ ಕ್ರಮೇಣ ಒಂದೇ ಬೆಳೆ ಉಳಿಯಿತು. ಮತ್ತೆ ಅದೂ ನಿಂತಿತು.

ಈಗ ವಾದದ ರೂಪ ಬದಲಾಗಿದೆ. ತಟ್ಟೆಯಲ್ಲಿ ನೇಜಿ ಬೆಳೆಸಿ ಯಂತ್ರದಿಂದ ನೆಡೋಣವೆಂದು ತಮ್ಮ ಹೇಳುತ್ತಾನೆ; ಹುಣಿ ಕಡಿದು ಗದ್ದೆಗಳನ್ನು ಒಂದು ಮಾಡದೆ ಯಂತ್ರ ಇಳಿಯದು, ಹುಣಿ ಹಿರಿಯರು ಹಾಕಿದ್ದು ಎಂದು ಅಣ್ಣ ಹೇಳುತ್ತಾನೆ. ಭತ್ತವನ್ನೇ ಬಿಟ್ಟು ಅಡಿಕೆ ಹಾಕೋಣವೆಂದು ಇನ್ನೊಬ್ಬನ ಸೂಚನೆ. ಒಮ್ಮತವಾಗುವಷ್ಟರಲ್ಲಿ ಮಳೆಗಾಲ ಕಳೆದುಹೋಗುತ್ತದೆ. ಗದ್ದೆ ಹಡಿಲು ಬಿದ್ದರೆ ನಷ್ಟವು ಆ ಮನೆಗಷ್ಟೇ ಅಲ್ಲ. ಮೇಲಿನ ಗದ್ದೆಯವನು ತೋಡಿನ ಹೂಳು ತೆಗೆಯದಿದ್ದರೆ ಕೆಳಗಿನವನ ಬೇಸಾಯವೂ ಕೆಡುತ್ತದೆ. ಗದ್ದೆಯಲ್ಲಿ ನೀರು ನಿಲ್ಲದಿದ್ದರೆ ಬಾವಿಗೆ ಇಂಗುವ ನೀರೂ ಕಡಿಮೆಯಾಗುತ್ತದೆ.

ಎರಡು ಉದಾಹರಣೆಗಳು

ದಾರಿಯಿಲ್ಲವೆಂದು ಕೈಚೆಲ್ಲಬೇಕಾಗಿಲ್ಲ. 2021ರಲ್ಲಿ ಉಡುಪಿಯ ಕೇದಾರೋತ್ಥಾನ ಟ್ರಸ್ಟಿನ ಆಶ್ರಯದಲ್ಲಿ ನೂರಾರು ಎಕರೆ ಹಡಿಲು ಭೂಮಿಯಲ್ಲಿ ಮತ್ತೆ ಭತ್ತ ಬೆಳೆಯಲಾಯಿತು. ಊರವರು ಕೂಡಿ ದುಡಿದರು, ಯಂತ್ರಗಳೂ ಇಳಿದವು. ಬೆಳೆದ ಅಕ್ಕಿಯು "ಉಡುಪಿ ಕೇದಾರ ಕಜೆ" ಎಂಬ ಹೆಸರಿನಲ್ಲಿ ಮಾರಾಟವಾಯಿತು.

ಇನ್ನೊಂದು ಉದಾಹರಣೆ ಕಾಸರಗೋಡಿನದು. ನೆಟ್ಟಣಿಗೆಯ ಸತ್ಯನಾರಾಯಣ ಬೇಳೇರಿಯವರು 650ಕ್ಕೂ ಮಿಕ್ಕಿ ಸಾಂಪ್ರದಾಯಿಕ ಭತ್ತದ ತಳಿಗಳನ್ನು ಉಳಿಸಿಕೊಂಡು ಬಂದಿದ್ದಾರೆ. 2024ರಲ್ಲಿ ಅವರಿಗೆ ಪದ್ಮಶ್ರೀ ಸಂದಿತು. ಅವರಲ್ಲಿ ದೊಡ್ಡ ಬೈಲುಗಳಿಲ್ಲ. ಆದುದರಿಂದ ಸಣ್ಣ ಚೀಲಗಳಲ್ಲಿ ಮಣ್ಣು ತುಂಬಿ ಒಂದೊಂದು ತಳಿಯನ್ನೂ ಬೆಳೆಸಿ, ಬೀಜವನ್ನು ಜೀವಂತವಾಗಿಡುವ ಉಪಾಯವನ್ನು ಅವರು ಕಂಡುಕೊಂಡರು. ಬೀಜವು ಅಜ್ಜಂದಿರ ಕಾಲದ್ದು, ವಿಧಾನವು ತಮ್ಮದೇ. ಹಳತು ಹೊಸತುಗಳ ಜಗಳ ಅಲ್ಲಿ ಏಳಲೇ ಇಲ್ಲ.

ಮುಂಬಯಿಯವರು ಮಾಡಬಹುದಾದುದು

ಈ ಕಥೆಯಿಂದ ನಮ್ಮವರು ತಿಳಿಯಬೇಕಾದುದು ಒಂದಿದೆ. ಹೊಸ ವಿಧಾನವನ್ನು ಸೂಚಿಸುವವನು ಅದರ ನಷ್ಟದಲ್ಲಿಯೂ ಪಾಲುಗೊಳ್ಳಬೇಕು. "ಯಂತ್ರ ತರಿಸಿ" ಎಂದು ದೂರವಾಣಿಯಲ್ಲಿ ಹೇಳುವುದು ಸುಲಭ. ಕೆಸರಿಗಿಳಿದು ಒಂದು ಬೆಳೆ ಕಳೆದುಕೊಳ್ಳುವವನು ಊರಿನಲ್ಲಿರುವ ಅಣ್ಣ. ಒಂದು ಗದ್ದೆ, ಒಂದು ಏಣೆಲು ಎಂದು ಗೊತ್ತುಮಾಡಿಕೊಂಡು, ಬೆಳೆ ಕೆಟ್ಟರೆ ಖರ್ಚು ತನ್ನದೆಂದು ಮೊದಲೇ ಒಪ್ಪಿಕೊಂಡರೆ, ಅಣ್ಣನೂ ಉಳಿದ ಗದ್ದೆಗಳನ್ನು ತನ್ನ ಕ್ರಮದಂತೆ ಮಾಡಿಕೊಂಡು ಈ ಒಂದನ್ನು ಪರೀಕ್ಷೆಗೆ ಬಿಟ್ಟಾನು. ಕೊಯ್ಲಿನ ಹೊತ್ತಿಗೆ ಎರಡರ ಲೆಕ್ಕವನ್ನೂ ಒಂದೇ ಪುಸ್ತಕದಲ್ಲಿ ಬರೆದು ಹೋಲಿಸಬಹುದು.

ಮಾಟುಂಗದಿಂದ ಊರಿಗೆ ಹೋಗುವವರು ಹೆಚ್ಚಾಗಿ ಹೋಗುವುದು ಮೇ ತಿಂಗಳ ರಜೆಯಲ್ಲಿ. ನೇಮ, ಮದುವೆ, ಯಕ್ಷಗಾನಗಳಲ್ಲಿ ಆ ದಿನಗಳು ಕಳೆದುಹೋಗುತ್ತವೆ. ಮೇ 24ರ ಸುಮಾರಿಗೆ ಪತ್ತನಾಜೆ. ಅಲ್ಲಿಂದ ಮುಂದೆ ಬೇಸಾಯದ ಕಾಲ. ಈ ಸಲ ಹೋದವರು ಪತ್ತನಾಜೆಗೆ ಮೊದಲು ಒಂದು ಸಂಜೆ ಅಣ್ಣನೊಡನೆಯೋ ಮಾವನೊಡನೆಯೋ ಗದ್ದೆಯ ಹುಣಿಯ ಮೇಲೆ ನಡೆದು, ಯಾವ ಗದ್ದೆ, ಯಾವ ಬೀಜ, ಯಾರ ಖರ್ಚು ಎಂಬ ಮೂರು ಮಾತುಗಳನ್ನು ನಿಶ್ಚಯಿಸಿಕೊಂಡು ಬರಲಿ.