ಟಪಾಲಿನಲ್ಲಿ ಮುರಿದ ಬ್ಯಾಲೆನ್ಸ್

ಸಿಂಧನೂರು ತಾಲ್ಲೂಕಿನ ಮುಕ್ಕುಂದದಿಂದ ಓದುಗರೊಬ್ಬರು ಒಂದು ತಕರಾರು ಬರೆದು ಕಳಿಸಿದ್ದಾರೆ. ಮನೆಯಲ್ಲಿ ಅಜ್ಜನ ಕಾಲದ ಎಚ್‌ಎಂಟಿ ಜನತಾ ವಾಚು ಇತ್ತು. ಅದು ನಿಂತುಹೋದಾಗ ರಿಪೇರಿಯವರು ಬಿಚ್ಚಿ ನೋಡಿ, ‘ಬ್ಯಾಲೆನ್ಸ್ ಹೋಗಿದೆ, ಎಲ್ಲಾದರೂ ಸಿಕ್ಕರೆ ತನ್ನಿ’ ಎಂದರು. ಬ್ಯಾಲೆನ್ಸ್ ಎಂದರೆ ಹೇರ್‌ಸ್ಪ್ರಿಂಗ್ ಎಂಬ ಎಳೆಸುರುಳಿಯ ಬಲದಿಂದ ಅತ್ತಿತ್ತ ಆಡುತ್ತ ವಾಚಿನ ವೇಗ ಕಾಯುವ ಪುಟ್ಟ ಚಕ್ರ. ಓದುಗರು ಆನ್‌ಲೈನ್‌ನಲ್ಲಿ ಹುಡುಕಿ ತರಿಸಿದರು. ಬಂದದ್ದು ಒಂದು ಕಾಗದದ ಲಕೋಟೆ. ಅದರೊಳಗೆ ತೆಳು ಪ್ಲಾಸ್ಟಿಕ್ ಚೀಲ, ಚೀಲದೊಳಗೆ ಬ್ಯಾಲೆನ್ಸ್, ಅಷ್ಟೇ. ರಿಪೇರಿಯವರು ಕಣ್ಣಿಗೆ ಭೂತಗನ್ನಡಿ ಸಿಕ್ಕಿಸಿ ನೋಡಿದರೆ ಚಕ್ರದ ನಡುಗಡ್ಡಿಯ ಒಂದು ತುದಿ ಮುರಿದಿದೆ, ಹೇರ್‌ಸ್ಪ್ರಿಂಗ್ ಸಿಕ್ಕುಸಿಕ್ಕಾಗಿದೆ. ಮಾರಿದವರನ್ನು ಕೇಳಿದರೆ, ‘ಇಷ್ಟು ಹಗುರದ ಸಾಮಾನು ಬಿದ್ದರೆ ಏನಾಗುತ್ತದೆ? ನಿಮ್ಮವರೇ ಮುರಿದಿರಬೇಕು’ ಎಂಬ ಉತ್ತರ. ಇದರಲ್ಲಿ ವಿಜ್ಞಾನ ಎಷ್ಟಿದೆ ಎಂಬುದು ಓದುಗರ ಪ್ರಶ್ನೆ.

ವಿಜ್ಞಾನ ಅರ್ಧ ಇದೆ, ಉಳಿದರ್ಧ ಜಾರಿಕೊಳ್ಳುವ ಮಾತು.

ಬರಿಯ ಬ್ಯಾಲೆನ್ಸ್ ಒಂದನ್ನೇ ಮೇಜಿನಿಂದ ಕೆಳಗೆ ಬೀಳಿಸಿದರೆ ಪೆಟ್ಟಿನ ಶಕ್ತಿ ತೀರಾ ಕಡಿಮೆ, ಒಪ್ಪೋಣ. ಆದರೆ ಈ ಚಕ್ರ ತನ್ನ ತೂಕವನ್ನೆಲ್ಲ ಹೊರಿಸುವುದು ತನ್ನ ನಡುವಿನ ಉಕ್ಕಿನ ಕಡ್ಡಿಯ ಎರಡು ತುದಿಗಳ ಮೇಲೆ. ಒಂದೊಂದು ತುದಿಯ ದಪ್ಪ ಸುಮಾರು 0.1 ಮಿಲಿಮೀಟರ್. ದುಂಡು ಕಡ್ಡಿಯ ಬಾಗುವ ಬಲ ಅದರ ವ್ಯಾಸದ ಘನಕ್ಕೆ ತಕ್ಕಂತೆ ಇರುತ್ತದೆ, ಅಂದರೆ ದಪ್ಪ ಅರ್ಧವಾದರೆ ಬಲ ಎಂಟನೇ ಒಂದು ಪಾಲಿಗೆ ಇಳಿಯುತ್ತದೆ. ತುದಿಗಳನ್ನು ಹಿಡಿಯುವ ಮಾಣಿಕ್ಯದ ಕಲ್ಲಿನಲ್ಲಿ ವರ್ಷಗಟ್ಟಲೆ ತಿರುಗಿದರೂ ಸವೆಯದಿರಲೆಂದು ಆ ಉಕ್ಕನ್ನು ಗಡುಸು ಮಾಡಿರುತ್ತಾರೆ. ಗಡುಸು ಉಕ್ಕು ಬಾಗಿ ಉಳಿಯುವುದಿಲ್ಲ, ಪಟ್ಟನೆ ಮುರಿಯುತ್ತದೆ. ಲಕೋಟೆಯೊಳಗಿನ ಬ್ಯಾಲೆನ್ಸ್ ಒಂಟಿಯಾಗಿ ಬೀಳುವುದೂ ಇಲ್ಲ. ಅದರ ಮೇಲೆ ಬೇರೆ ಪಾರ್ಸೆಲ್ಲುಗಳು ಬೀಳುತ್ತವೆ, ಮೊಹರು ಬೀಳುತ್ತದೆ, ಚೀಲದ ಬಾಯಿ ಕಟ್ಟುವವರ ಮೊಣಕಾಲೂ ಬಿದ್ದೀತು.

ಪೆಟ್ಟಿನ ಲೆಕ್ಕಕ್ಕೆ ಮುಕ್ಕುಂದದ ಕಡೆಯ ಭತ್ತದ ಬಣವಿಯೇ ಸಾಕು. ಅಟ್ಟದಿಂದ ಗಟ್ಟಿ ಕಣಕ್ಕೆ ಹಾರಿದರೆ ಕಾಲು ಮುರಿದೀತು. ಅಷ್ಟೇ ಎತ್ತರದಿಂದ ಬಣವಿಯ ಮೇಲೆ ಹಾರಿದ ಹುಡುಗ ನಕ್ಕು ಇನ್ನೊಮ್ಮೆ ಹತ್ತುತ್ತಾನೆ. ಎರಡು ಕಡೆಯೂ ಬಿದ್ದ ಎತ್ತರ ಒಂದೇ, ತಾಗುವಾಗಿನ ವೇಗವೂ ಒಂದೇ. ಕಣದಲ್ಲಿ ಆ ವೇಗ ಕೂದಲೆಳೆಯಷ್ಟು ದೂರದಲ್ಲಿ ಸೊನ್ನೆಯಾಗಬೇಕು, ಹುಲ್ಲಿನಲ್ಲಿ ಮೊಳದಷ್ಟು ದೂರ ಸಿಗುತ್ತದೆ. ಬಿದ್ದ ಎತ್ತರವನ್ನು ನಿಲ್ಲಲು ಸಿಕ್ಕ ದೂರದಿಂದ ಭಾಗಿಸಿದರೆ, ಬೀಳುವ ವಸ್ತುವಿನ ಮೇಲೆ ಅದರ ತೂಕದ ಸರಾಸರಿ ಎಷ್ಟು ಪಟ್ಟು ಬಲ ಬಿತ್ತು ಎಂಬ ಅಂದಾಜು ಸಿಗುತ್ತದೆ. ಒಂದು ಮೀಟರ್ ಬಿದ್ದು ಒಂದು ಮಿಲಿಮೀಟರಿನಲ್ಲಿ ನಿಂತರೆ ಸಾವಿರ ಪಟ್ಟು, ಎರಡು ಸೆಂಟಿಮೀಟರಿನಲ್ಲಿ ನಿಂತರೆ ಐವತ್ತು ಪಟ್ಟು. ಪೆಟ್ಟಿನ ತುತ್ತತುದಿಯ ಕ್ಷಣದಲ್ಲಿ ಬಲ ಇದಕ್ಕಿಂತ ಹೆಚ್ಚೇ ಇರುತ್ತದೆ. ಬ್ಯಾಲೆನ್ಸಿನ ತೂಕ 50 ಮಿಲಿಗ್ರಾಂ ಎಂದಿಟ್ಟುಕೊಳ್ಳಿ. ಸಾವಿರ ಪಟ್ಟು ಎಂದರೆ ಆ ತೆಳು ತುದಿಗಳ ಮೇಲೆ ಆ ಗಳಿಗೆಗೆ 50 ಗ್ರಾಂ ಹೇರಿದ ಹಾಗೆ.

ವಾಚು ಮಾಡುವವರಿಗೆ ಈ ತಲೆನೋವು ಹಳೆಯದು. ಪ್ಯಾರಿಸ್ಸಿನಲ್ಲಿ ಕೆಲಸ ಮಾಡುತ್ತಿದ್ದ ಅಬ್ರಹಾಂ ಲೂಯಿ ಬ್ರೆಗೆ 1790ರ ಸುಮಾರಿಗೆ ಕಡ್ಡಿಯ ತುದಿಯನ್ನು ಹಿಡಿಯುವ ಕಲ್ಲನ್ನೇ ಒಂದು ತೆಳು ಸ್ಪ್ರಿಂಗಿನ ಮೇಲೆ ಕೂರಿಸಿದ. ತಾಲೆರಾಂ ಎಂಬ ರಾಜತಂತ್ರಜ್ಞನ ಮನೆಯಲ್ಲಿ ಎಲ್ಲರೆದುರು ತನ್ನ ವಾಚನ್ನು ನೆಲಕ್ಕೆಸೆದು ತೋರಿಸಿದನೆಂಬ ಕಥೆ ಇದೆ. ಕಥೆ ಎಷ್ಟು ನಿಜವೋ, ಉಪಾಯವಂತೂ ನಿಜ. ಪೆಟ್ಟು ಬಿದ್ದಾಗ ಕಲ್ಲು ತುಸು ಸರಿಯುತ್ತದೆ. ಅಷ್ಟರಲ್ಲಿ ಕಡ್ಡಿಯ ದಪ್ಪ ಭಾಗ ಹಿತ್ತಾಳೆಯ ಚೌಕಟ್ಟಿಗೆ ತಾಗಿ ಭಾರವನ್ನೆಲ್ಲ ಹೊತ್ತುಕೊಳ್ಳುತ್ತದೆ, ತೆಳು ತುದಿ ಪಾರಾಗುತ್ತದೆ. 1930ರ ದಶಕದಲ್ಲಿ ಸ್ವಿಸ್ಸರ ಇಂಕಾಬ್ಲಾಕ್ ಇದನ್ನು ಸಾಮಾನ್ಯರ ವಾಚಿಗೂ ತಂದಿತು. ಜಪಾನಿನ ಸಿಟಿಜನ್ ಕಂಪನಿ 1956ರಲ್ಲಿ ಪ್ಯಾರಾಶಾಕ್ ಎಂಬ ತನ್ನದೇ ಪೆಟ್ಟುತಡೆ ಹೊರತಂದು, ಹೆಲಿಕಾಪ್ಟರಿನಿಂದ ವಾಚು ಬೀಳಿಸಿ ಜಾಹೀರಾತು ಮಾಡಿತು. ಅದೇ ಸಿಟಿಜನ್ ಜೊತೆ 1961ರಲ್ಲಿ ಬೆಂಗಳೂರಿನ ಎಚ್‌ಎಂಟಿ ವಾಚು ಕಾರ್ಖಾನೆ ಶುರುವಾಯಿತು. ಹಲವು ಎಚ್‌ಎಂಟಿ ಡಯಲ್‌ಗಳ ಮೇಲೆ ಹದಿನೇಳು ಜ್ಯುವೆಲ್ ಎಂಬುದರ ಜೊತೆ ಪ್ಯಾರಾಶಾಕ್ ಎಂದು ಬರೆದಿರುವುದನ್ನು ನೀವೂ ನೋಡಿರುತ್ತೀರಿ. ಈಗಲೂ ಅಂತರರಾಷ್ಟ್ರೀಯ ಮಾನಕದಲ್ಲಿ ಕೈಗಡಿಯಾರದ ಪರೀಕ್ಷೆಯೆಂದರೆ ಒಂದು ಮೀಟರಿನಿಂದ ಗಟ್ಟಿ ಮರದ ನೆಲಕ್ಕೆ ಬಿದ್ದಷ್ಟು ಪೆಟ್ಟು. ಅದನ್ನು ಕೊಡಲು ಮೂರು ಕಿಲೋ ಸುತ್ತಿಗೆಯನ್ನು ಸೆಕೆಂಡಿಗೆ 4.43 ಮೀಟರ್ ವೇಗದಲ್ಲಿ ಬೀಸುತ್ತಾರೆ.

ಈಗ ಮಾರಾಟಗಾರ ಏನು ಮಾಡಿದ ನೋಡಿ. ಆ ಸ್ಪ್ರಿಂಗು, ಆ ಕಲ್ಲು, ಆ ಚೌಕಟ್ಟು ಎಲ್ಲವೂ ವಾಚಿನೊಳಗಿನ ಮಷಿನ್‌ನಲ್ಲೇ ಉಳಿದವು. ಬ್ಯಾಲೆನ್ಸ್ ಮಾತ್ರ ಹೊರಬಂದು ಲಕೋಟೆ ಸೇರಿತು. ಬ್ರೆಗೆಯಿಂದ ಇಲ್ಲಿಯವರೆಗೆ ಕೂಡಿಟ್ಟ ರಕ್ಷಣೆಯಲ್ಲಿ ಒಂದಿಷ್ಟೂ ಅದರ ಜೊತೆ ಬರಲಿಲ್ಲ. ‘ವಾಚು ಶಾಕ್‌ಪ್ರೂಫ್ ಅಲ್ಲವೇ’ ಎಂದು ವಾದಿಸುವವರೂ ಇದ್ದಾರೆ. ವಾಚಿಗೆ ಆ ಗುಣ ಇದ್ದರೆ ಅದರೊಳಗಿನ ಬಿಡಿಭಾಗಕ್ಕೂ ಇರಬೇಕೆಂದಿಲ್ಲ.

ಹಾಗಾದರೆ ಗುಳ್ಳೆ ಪ್ಲಾಸ್ಟಿಕ್ ಸುತ್ತಿದ್ದರೆ ಸಾಕಿತ್ತೇ? ನನಗೆ ಅನುಮಾನ. ಪ್ಯಾಕಿಂಗ್ ಎಂಬುದು ಗಣಿತದ ವಿಷಯವಾದದ್ದು ಎರಡನೇ ಮಹಾಯುದ್ಧದ ಹೊತ್ತಿಗೆ. ದೊಡ್ಡ ವ್ಯಾಕ್ಯೂಮ್ ಟ್ಯೂಬುಗಳು ಸಾಗಣೆಯಲ್ಲಿ ಒಡೆಯುವುದನ್ನು ತಪ್ಪಿಸಲು ಹೊರಟ ಬೆಲ್ ಪ್ರಯೋಗಾಲಯದ ಕೆಲಸದಿಂದ ರೇಮಂಡ್ ಮಿಂಡ್ಲಿನ್ 1945ರಲ್ಲಿ ಒಂದು ದೀರ್ಘ ಪ್ರಬಂಧ ಪ್ರಕಟಿಸಿದರು. ಪೆಟ್ಟಿಗೆಯ ಮೆತ್ತೆ ಒಂದು ಸ್ಪ್ರಿಂಗು, ಅದರ ಮೇಲಿನ ವಸ್ತು ಒಂದು ಭಾರ, ಆ ವಸ್ತುವಿನೊಳಗೆ ಅಲುಗುವ ನಾಜೂಕು ಭಾಗ ಇನ್ನೊಂದು ಸ್ಪ್ರಿಂಗು ಎಂದು ಅವರು ಲೆಕ್ಕ ಹಾಕಿದರು. ಇದರಿಂದ ತಿಳಿಯುವುದು, ಮೆತ್ತೆ ವಸ್ತುವಿನ ತೂಕಕ್ಕೆ ಹೊಂದಬೇಕು. ಬಣವಿಗೆ ಮರಳಿದರೆ, ಒತ್ತಾಗಿ ಕೂತ ಹಳೆಯ ಬಣವಿ ದೊಡ್ಡವರು ಬಿದ್ದರೆ ತಗ್ಗುತ್ತದೆ, ಎಳೆಗೂಸು ಬಿದ್ದರೆ ಮಿಸುಕದು. ಕೂಸಿಗೆ ಅದೂ ಕಣವೇ.

ಗುಳ್ಳೆ ಪ್ಲಾಸ್ಟಿಕ್ಕಿನದೂ ಇದೇ ಸಂಗತಿ. 1957ರಲ್ಲಿ ನ್ಯೂಜೆರ್ಸಿಯಲ್ಲಿ ಆಲ್ಫ್ರೆಡ್ ಫೀಲ್ಡಿಂಗ್ ಮತ್ತು ಮಾರ್ಕ್ ಶವಾನ್ ಗೋಡೆಗೆ ಅಂಟಿಸುವ ಅಲಂಕಾರದ ಹಾಳೆ ಮಾಡಲು ಹೋಗಿ ಇದನ್ನು ಮಾಡಿದರು. ಗೋಡೆಗೆ ಯಾರೂ ಕೊಳ್ಳಲಿಲ್ಲ. ಕೊನೆಗೆ ಕೈಹಿಡಿದದ್ದು ಐಬಿಎಂನ 1401 ಕಂಪ್ಯೂಟರ್ ಸಾಗಣೆ. ಭಾರದ ಸಾಮಾನಿಗೆ ಗುಳ್ಳೆ ಚೆನ್ನಾಗಿ ಕುಗ್ಗುತ್ತದೆ. ಗ್ರಾಮಿಗೂ ಕಡಿಮೆಯ ಬ್ಯಾಲೆನ್ಸಿಗೆ ಅದು ಕುಗ್ಗುವುದೇ ಇಲ್ಲ, ಸುತ್ತುವಾಗ ಹೇರ್‌ಸ್ಪ್ರಿಂಗ್ ಅಮುಕಿಹೋಗುವುದು ಬೇರೆ. ಹತ್ತಿಯಲ್ಲಿ ಇಟ್ಟು ಕಳಿಸುವವರೂ ಉಂಟು. ಹತ್ತಿಯ ಎಳೆ ಕಡ್ಡಿಯ ತುದಿಗೆ, ಸ್ಪ್ರಿಂಗಿನ ಸುರುಳಿಗೆ ಸಿಕ್ಕಿಕೊಂಡರೆ ಬಿಡಿಸುವಾಗಲೇ ಮುರಿಯುತ್ತದೆ.

ಪ್ಯಾಕಿಂಗ್ ಮಾಡಬೇಕಾದ ಕೆಲಸ ಎರಡಿವೆ. ಅಮುಕುವುದನ್ನು ತಡೆಯಲು ಗಟ್ಟಿ ಡಬ್ಬಿ ಬೇಕು, ಪೆಟ್ಟನ್ನು ಹೀರಲು ಅದರ ಹೊರಗೆ ಮೆತ್ತೆ ಬೇಕು. ಡಬ್ಬಿಯೊಳಗೆ ಬ್ಯಾಲೆನ್ಸ್ ಅಲುಗಬಾರದು, ಅದರ ತುದಿಗಳು ಯಾವುದಕ್ಕೂ ತಾಗಲೂಬಾರದು. ಗಟ್ಟಿ ಪ್ಲಾಸ್ಟಿಕ್ಕಿನಲ್ಲಿ ಬ್ಯಾಲೆನ್ಸಿನ ಆಕಾರಕ್ಕೇ ಕುಳಿ ಕೊರೆದ ಡಬ್ಬಿಗಳು ಬರುವುದು ಇದಕ್ಕೇ.

ಕೇಂದ್ರ ಸರ್ಕಾರ 2016ರಲ್ಲಿ ಎಚ್‌ಎಂಟಿ ವಾಚು ಕಂಪನಿಯನ್ನು ಮುಚ್ಚಲು ತೀರ್ಮಾನಿಸಿತು. ಹಳೆಯ ವಾಚಿನ ಬಿಡಿಭಾಗವೆಂದು ಈಗ ಹೆಚ್ಚಾಗಿ ಸಿಗುವುದು ಹಳೆಯ ಅಂಗಡಿಗಳಲ್ಲಿ ಉಳಿದ ದಾಸ್ತಾನು, ಇಲ್ಲವೇ ಕೆಟ್ಟ ವಾಚಿನಿಂದ ಬಿಚ್ಚಿದ್ದು. ಮುಕ್ಕುಂದದ ಓದುಗರು ಇನ್ನೊಮ್ಮೆ ತರಿಸುವುದಾದರೆ ಬಿಡಿ ಬ್ಯಾಲೆನ್ಸ್ ಕೇಳುವುದೇ ಬೇಡ. ಅದೇ ಮಾದರಿಯ, ಬ್ಯಾಲೆನ್ಸ್ ಚೆನ್ನಾಗಿ ಆಡುವ, ಬೇರೇನೋ ಕೆಟ್ಟ ಇಡೀ ಮಷಿನ್ ಕೇಳಿ. ಡಯಲ್ ಉಜ್ಜಿಹೋಗಿದ್ದರೂ ಮುಳ್ಳು ಇಲ್ಲದಿದ್ದರೂ ಪರವಾಗಿಲ್ಲ, ಅಂಥದ್ದು ಅಗ್ಗಕ್ಕೇ ಸಿಗುತ್ತದೆ. ಬ್ಯಾಲೆನ್ಸ್ ಆಡುವುದನ್ನು ವಿಡಿಯೊ ಮಾಡಿ ಕಳಿಸಲು ಹೇಳಿ. ಆಮೇಲೆ ಬಿಚ್ಚದೆ, ಮಷಿನ್ ಅನ್ನು ಅದರ ಕೇಸಿನಲ್ಲೇ ಇಟ್ಟು, ಹಿಂದಿನ ಮುಚ್ಚಳ ಹಾಕಿಯೇ ಟಪಾಲಿಗೆ ಕೊಡಲಿ.